ಮೊದಲು ಗುಂಡು, ಆಮೇಲೆ ಪಿಸ್ತೂಲು

ನನ್ನ ಗಂಡನ ತಂದೆ, ಅಂದರೆ ನಮ್ಮ ಮಾವನವರಷ್ಟು ಅಪಾಯಕಾರಿ ಮನುಷ್ಯ ಹಾನಗಲ್ ಸೀಮೆಯಲ್ಲೇ ಇನ್ನೊಬ್ಬರಿಲ್ಲ ಎಂದು ಒಂದು ಕಾಲಕ್ಕೆ ಸರಕಾರ ನಂಬಿತ್ತು. ಸರಕಾರದ ತಪ್ಪಿಲ್ಲ ಬಿಡಿ. ಅದು ಅವರ ಮನೆಗೆ ಸೊಸೆಯಾಗಿ ಬಂದಿರಲಿಲ್ಲ! ಬಂದವಳು ನಾನು. ಬಚ್ಚಲಲ್ಲಿ ಒಂದು ಜಿರಲೆ ಕಂಡರೆ ಅದು ತಾನಾಗಿ ಹೊರಗೆ ಹೋಗುವ ತನಕ ಮೈಗೆ ನೀರು ಹಾಕಿಕೊಳ್ಳದೆ ನಿಂತಿರುತ್ತಿದ್ದ ಪುಣ್ಯಾತ್ಮ ಅವರು. ಇಂಥವರ ಹತ್ತಿರ ಪಿಸ್ತೂಲಿನ ಲೈಸೆನ್ಸ್ ಇತ್ತು. ಪಿಸ್ತೂಲು ಇರಲಿಲ್ಲ.

ಲೈಸೆನ್ಸ್ ಸಿಕ್ಕಿದ್ದು ನಾನು ಆ ಮನೆಗೆ ಕಾಲಿಡುವ ಮೊದಲು. ಅಡವಿಯಂಚಿನ ಊರು. ಕಬ್ಬಿಗೆ ಹಂದಿಗಳ ಕಾಟ, ಸುಗ್ಗಿ ಬಂದರೆ ದರೋಡೆಕೋರರ ಸುದ್ದಿ. ಸುತ್ತಲಿನ ಜಮೀನುದಾರರೆಲ್ಲ ಬಂದೂಕಿಗೆ ಅರ್ಜಿ ಹಾಕಿದರೆ ಮಾವನವರು ಪಿಸ್ತೂಲಿಗೆ ಹಾಕಿದರು. ಯಾಕೆ? ಬಂದೂಕು ಹೊತ್ತರೆ ಹೆಗಲು ನೋಯುತ್ತದೆ! ಅರ್ಜಿ ಮಂಜೂರಾಯಿತು. ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಹುಬ್ಬಳ್ಳಿಗೆ ಹೋಗಿ ಒಂದು ಪಿಸ್ತೂಲನ್ನೂ ಅದಕ್ಕೆ ಹೊಂದುವ ಕಾಡತೂಸುಗಳನ್ನೂ ತಂದು ಸುಮ್ಮನಾಗುತ್ತಿದ್ದರು. ಕಾಡತೂಸು ಅಂದರೆ ಗೊತ್ತಲ್ಲ? ಹಿತ್ತಾಳೆಯ ಕೋಶದೊಳಗೆ ಮದ್ದು, ಮೂತಿಗೆ ಗುಂಡು. ಆದರೆ ಮಾವನವರಿಗೆ ಈ ಪದ್ಧತಿಯೇ ತಲೆಕೆಳಗಾಗಿ ಕಂಡಿತು.

“ಕೆಲಸ ಮಾಡೂದು ಯಾವುದು? ಪಿಸ್ತೂಲೋ, ಗುಂಡೋ?” ಎಂದು ಅವರು ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಿದ್ದರು.

“ಗುಂಡು ಬಿಡ್ರಿ.”

“ಮತ್ತ? ಮೊದಲು ಗುಂಡು ಆರಿಸಬೇಕು, ಆಮ್ಯಾಲೆ ಅದಕ್ಕ ತಕ್ಕ ಪಿಸ್ತೂಲು. ಜ್ವಾಳ ಇನ್ನೂ ಬೆಳೀದ ಯಾರರೆ ಚೀಲ ಹೊಲಸ್ತಾರೇನು?”

ಗುಂಡುಗಳಲ್ಲಿ ಹಲವು ಅಳತೆ. ಇಪ್ಪತ್ತೆರಡು, ಮೂವತ್ತೆರಡು, ಮೂವತ್ತೆಂಟು, ನಲವತ್ತೈದು ಎಂದು ಅವುಗಳ ಹೆಸರು. ಅಂಕಿ ದೊಡ್ಡದಾದಷ್ಟೂ ಗುಂಡು ದಪ್ಪ. ಇವುಗಳಲ್ಲಿ ಮಾವನವರಿಗೆ ಎಲ್ಲದಕ್ಕೂ ಆಗಿಬರುವ ಒಂದೇ ಒಂದು ಬೇಕಾಗಿತ್ತು. ಅದರಿಂದ ಹಂದಿ ಬೀಳಬೇಕು. ಹಾವಿಗೆ ಹೊಡೆದರೆ ಹಾವಷ್ಟೇ ಸಾಯಬೇಕು, ಪಡಸಾಲೆಯ ನೆಲ ಕಿತ್ತುಬರಬಾರದು. ಕಳ್ಳ ಹೆದರಬೇಕು, ಆದರೆ ಸಾಯಬಾರದು, ಸತ್ತರೆ ಕೋರ್ಟಿಗೆ ಅಲೆಯುವವರು ಯಾರು? ಮದುವೆಯಲ್ಲಿ ಆಕಾಶಕ್ಕೆ ಹಾರಿಸಿದರೆ ಬೀಗರಿಗೆ ಕೇಳಬೇಕು, ಎತ್ತುಗಳು ಬೆದರಬಾರದು. ಇಂಥ ಗುಣವಂತ ಗುಂಡನ್ನು ದೇವರು ಇನ್ನೂ ಹುಟ್ಟಿಸಿರಲಿಲ್ಲ. ಇಂಥ ಗುಣವಂತ ಅಳಿಯನನ್ನೇ ಹುಟ್ಟಿಸಿಲ್ಲ, ಗುಂಡು ಎಲ್ಲಿಂದ ಬರಬೇಕು?

ನಮ್ಮ ಅತ್ತೆಯ ಹತ್ತಿರ ಇದಕ್ಕೆ ಸಿದ್ಧ ಉತ್ತರವಿತ್ತು. “ಹಂದಿಗೆ ಹಲಗಿ ಬಡದ್ರ ಸಾಕು. ಹಾವಿಗೆ ಬಡಿಗಿ ಸಾಕು. ಕಳ್ಳ ಬಂದ್ರ ನಾ ಅದೇನಿ.” ಮೂರನೆಯ ಮಾತಿನ ಬಗ್ಗೆ ಊರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ನನ್ನನ್ನು ನೋಡಲು ಮಾವನವರು ನನ್ನ ತವರು ಶಿಗ್ಗಾವಿಗೆ ಬಂದ ದಿನ ನಡೆದದ್ದನ್ನು ಕೇಳಿ. ನಾನು ತಲೆತುಂಬ ಸೆರಗು ಹೊದ್ದು, ಉಪ್ಪಿಟ್ಟಿನ ತಾಟು ಹಿಡಿದು ಹೊರಗೆ ಬಂದೆ. ಮಾವನವರು ನನ್ನ ಕಡೆ ನೋಡಲೇ ಇಲ್ಲ. ಅವರ ದೃಷ್ಟಿಯೆಲ್ಲ ನನ್ನ ಸೋದರಮಾವನ ಮೇಲಿತ್ತು. ಅವನು ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದು, ಮೊದಲನೆಯ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋಗಿಬಂದವನು.

“ಹವಾಲ್ದಾರ್ರ, ನೀವು ಕೈಲೆ ಹೊಡದು ನೋಡಿದವ್ರು. ಖರೇ ಹೇಳ್ರಿ, ಯಾವುದು ಚಲೋ?”

“ನಲವತ್ತೈದು ಚಲೋರಿ. ಬಿತ್ತಂದ್ರ ಒಂಟೀನೂ ಕುಂದರತೈತಿ.”

“ಹೊಡದಾಗ ಅದು ಕೈ ಜಗ್ಗತೈತೇನು?”

“ಜಗ್ಗದ ಬಿಡತೈತೇನ್ರಿ? ಮೊದಲನೇ ಸಲ ಹೊಡದಾಗ ಪಿಸ್ತೂಲು ಹಣಿಗೆ ಬಂದು ಬಡದಿತ್ತು. ನೋಡ್ರಿ ಗಾಯ!”

ಇಬ್ಬರೂ ಹಣೆಯ ಗಾಯ ನೋಡುತ್ತ ಕುಳಿತರು. ಉಪ್ಪಿಟ್ಟು ಆರಿತು. ಹೊರಡುವ ಹೊತ್ತಿಗೆ ನಮ್ಮಪ್ಪ ಅಳುಕುತ್ತ, “ಮತ್ತ, ಹೆಣ್ಣು?” ಎಂದು ಕೇಳಿದರೆ ಮಾವನವರು, “ಹಾಂ, ಹೆಣ್ಣು! ಆತಲ್ರಿ, ನಮಗ ಒಪ್ಪಿಗಿ” ಎಂದುಬಿಟ್ಟರು. ಸೊಸೆಯ ಆಯ್ಕೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಮುಗಿಯಿತು. ಗುಂಡಿನ ಆಯ್ಕೆ ಮುಂದೆಯೂ ವರ್ಷಗಟ್ಟಲೆ ನಡೆಯಿತು. ನಾನು ಗುಂಡಾಗಿ ಹುಟ್ಟಬೇಕಿತ್ತು!

ಹವಾಲ್ದಾರನ ಮಾತಿಗೆ ಎದುರು ಮಾತು ಸವಣೂರಿನ ಮುದುಕ ಸಾಬರದು. ಅವರು ಹಿಂದೆ ನವಾಬರ ಕಡೆಯವರ ಜೊತೆ ಶಿಕಾರಿಗೆ ಹೋಗುತ್ತಿದ್ದವರು. ಈಗ ಎಲೆಬಳ್ಳಿಯ ತೋಟ ಮಾಡಿಕೊಂಡಿದ್ದರು. ಮಾವನವರು ಅಲ್ಲಿಯ ಹೆಸರಾದ ಕುರುಕಲು ತಿಂಡಿ ಖಾರವನ್ನು ತರುವ ನೆಪ ಹೂಡಿ ಸವಣೂರಿಗೆ ಹೋಗಿ ಇಡೀ ದಿನ ಅವರ ತೋಟದಲ್ಲಿ ಕುಳಿತು ಬರುತ್ತಿದ್ದರು. ಒಮ್ಮೆ ನಮ್ಮನ್ನೂ ಕರೆದೊಯ್ದಿದ್ದರು.

“ನಲವತ್ತೈದು ತಗೊಂಡು ಏನ್ ಕಿಲ್ಲೇ ಒಡೀತೀರೇನ್ರಿ ಗೌಡ್ರ?” ಎಂದರು ಸಾಬರು. “ಮೂವತ್ತೆರಡು ತಗೋರಿ. ಸಣ್ಣದು, ಆದ್ರ ಶರೀಫ್ ಐತಿ. ಒಳಗ ಹೊಕ್ಕು ತನ್ನ ದಾರಿ ಹಿಡದು ಸೀದಾ ಹೊರಗ ಹೋಗತೈತಿ. ದೊಡ್ಡದು ಹಂಗಲ್ಲ, ಬಂದ ಬೀಗರಂಗ ಒಳಗ ಎಲ್ಲಾ ಹಾಳ ಮಾಡಿ ಹೋಗತೈತಿ.”

ಮಾವನವರು ಇದನ್ನೆಲ್ಲ ಪುರಾಣ ಕೇಳುವ ಭಕ್ತಿಯಿಂದ ಕೇಳುತ್ತಿದ್ದರು. ಎಲುಬಿಗೆ ತಾಗಿದರೆ ಏನಾಗುತ್ತದೆ, ಬರೀ ಮಾಂಸಖಂಡಕ್ಕೆ ಬಿದ್ದರೆ ಏನಾಗುತ್ತದೆ, ಒಳಗೇ ಉಳಿದರೆ ಹೇಗೆ, ಎಲ್ಲ ಕೇಳುವರು. ಬರುವಾಗ ಅವರಿಂದ ಒಂದು ಖಾಲಿ ಕೋಶ ಬೇಡಿ ತರುವರು. ಹೀಗೆ ಅವರಿವರು ಕೊಟ್ಟ ಕೋಶಗಳು ಮನೆಯ ಕಿಟಕಿಯಲ್ಲಿ ವಿಭೂತಿ ಕರಡಿಗೆಯ ಪಕ್ಕ ಸಾಲಾಗಿ ನಿಂತವು. ಹುಣಸೆಹಣ್ಣು ಹಚ್ಚಿ ಅವನ್ನು ತಿಕ್ಕುವವರು ಸ್ವತಃ ಮಾವನವರೇ. ಒಂದು ದಿನ ನೋಡಿದರೆ ನಲವತ್ತೈದರ ಕೋಶದಲ್ಲಿ ನನ್ನ ನಾದಿನಿ ಕಾಡಿಗೆ ತುಂಬಿಟ್ಟಿದ್ದಾಳೆ! ಮಾವನವರು ಕೂಗಾಡಿದರು. ಅತ್ತೆ ಒಲೆಯ ಮುಂದಿನಿಂದ ಏಳದೆಯೇ ತೀರ್ಪು ಕೊಟ್ಟರು: “ಕಡೀಕ ಒಂದರೆ ಕೆಲಸಕ್ಕ ಬಂತು.”

ಬರೀ ಕೇಳಿದರೆ ಸಾಲದು, ಹೊಡೆದು ನೋಡಬೇಕು ಎಂದು ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಹೋದರು. ಅವರು ಮಾವನವರ ಬಾಲ್ಯದ ಗೆಳೆಯರು. ಅವರಲ್ಲಿ ಮೂವತ್ತೆಂಟರ ಪಿಸ್ತೂಲಿತ್ತು. ಹಿತ್ತಲಲ್ಲಿ ಹಂದಿಯ ಬದಲು ಒಂದು ಕುಂಬಳಕಾಯಿ, ಹಾವಿನ ಬದಲು ಒಂದು ಪಡವಲಕಾಯಿ ಇಟ್ಟರು. ಮಾವನವರು ದೇವರನ್ನು ನೆನೆದು, ಗುರಿಯಿಟ್ಟು, ಕಣ್ಣು ಮುಚ್ಚಿ ಕುದುರೆ ಒತ್ತಿದರು. ಕಣ್ಣು ಮುಚ್ಚದಿದ್ದರೆ ಕಿವಿಗೆ ಸದ್ದು ಹೆಚ್ಚು ಕೇಳುತ್ತದಂತೆ! ಢಂ ಎಂದಿತು. ಕುಂಬಳಕಾಯಿ ಹಾಗೇ ಕುಳಿತಿತ್ತು. ಪಡವಲಕಾಯಿ ಹಾಗೇ ಮಲಗಿತ್ತು. ಗುಂಡು ಗೋದಾಮಿನ ಬಾಗಿಲು ಹೊಕ್ಕು ಹತ್ತಿಯ ಅಂಡಿಗೆಗಳಲ್ಲಿ ಮಾಯವಾಗಿತ್ತು. ಗೆಳೆಯರು ಅಂಡಿಗೆ ಬಿಚ್ಚಿಸಿ ಹುಡುಕಿಸಿದರು, ಸಿಗಲಿಲ್ಲ. ಮುಂಬಯಿಯ ಯಾವುದೋ ಗಿರಣಿಯಲ್ಲಿ ಅದು ಯಾರದೋ ಧೋತರದೊಳಗೆ ನೇಯ್ದು ಹೋಗಿರಬೇಕು. ಇಷ್ಟಾದರೂ ಮಾವನವರು ಮನೆಗೆ ಬಂದು ಹೇಳಿದ್ದೇನು? “ಮೂವತ್ತೆಂಟು ಅಡ್ಡಿಯಿಲ್ಲ. ಕುಂಬಳಕಾಯಿ ಕಟ್ಟಿ ಪಲ್ಯಕ್ಕೂ ಕೊಟ್ಟಾರ.”

ಇಷ್ಟರಲ್ಲಿ ನನ್ನ ನಾದಿನಿಗೆ ತಡಸದ ಕಡೆಯಿಂದ ಒಂದು ಸಂಬಂಧ ಬಂತು. ವರನ ತಂದೆ ಮೀಸೆ ತಿರುವಿಕೊಂಡು ಕಂಬಕ್ಕೆ ಒರಗಿ ಕುಳಿತಿದ್ದರು. ಮಾವನವರು ಎದುರಿಗೆ ಕುಳಿತಿದ್ದರೂ ಮನಸ್ಸು ಮಾತ್ರ ಕಿಟಕಿಯಲ್ಲಿತ್ತು.

“ನಮ್ಮ ಹುಡುಗಗ ಈಗ ಇಪ್ಪತ್ತೆರಡು” ಎಂದರು ವರನ ತಂದೆ.

ಅಂಕಿ ಕಿವಿಗೆ ಬಿದ್ದದ್ದೇ ತಡ, ಮಾವನವರು ಎಚ್ಚರಾದರು. “ಇಪ್ಪತ್ತೆರಡಾ? ಅದು ಗುಬ್ಬಿ ಹೊಡಿಯಾಕಷ್ಟ ಬರತೈತ್ರಿ!”

ವರನ ತಂದೆಯ ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

“ಮೂವತ್ತೆಂಟಾದ್ರ ಸಂಸಾರಕ್ಕ ಸೈ” ಎಂದು ಮಾವನವರು ಮುಂದುವರಿಸಿದರು. “ನಲವತ್ತೈದು ಬ್ಯಾಡ. ಸಪ್ಪಳ ಭಾಳ.”

ಬೀಗರು ಧೋತರ ಝಾಡಿಸಿ ಎದ್ದೇಬಿಟ್ಟರು. ಅತ್ತೆ ಓಡಿಬಂದು, ಕಿಟಕಿಯಲ್ಲಿದ್ದ ಕೋಶಗಳನ್ನೆಲ್ಲ ಉಡಿಯಲ್ಲಿ ಬಾಚಿ ತಂದು ಅವರ ಮುಂದೆ ಸುರಿದು, “ಇದಕ್ಕ ಮಾತಾಡ್ತಾರ್ರಿ ಅವರು! ಬರ್ರಿ, ಕುಂದರ್ರಿ. ಇದೊಂದ ಹುಚ್ಚು, ಉಳಿದದ್ದರಾಗ ಶಾಣ್ಯಾ ಅದಾರ” ಎಂದು ಬೇಡಿಕೊಳ್ಳಬೇಕಾಯಿತು. ಬೀಗರು ಕೋಶಗಳನ್ನು ತಿರುವಿ ತಿರುವಿ ನೋಡಿದರು. ನಕ್ಕರು. ಮದುವೆಯಾಯಿತು. ಆದರೆ ಮದುವೆಯ ದಿನ ಪಿಸ್ತೂಲು ಹಾರಲಿಲ್ಲ. ಇನ್ನೂ ಗುಂಡು ಆರಿಸಿರಲಿಲ್ಲವಲ್ಲ!

ಆಮೇಲೆ ಎರಡನೆಯ ಮಹಾಯುದ್ಧ ಬಂತು, ಅಂಗಡಿಗಳಲ್ಲಿ ಗುಂಡು ಸಿಗದಾಯಿತು. ಅದರ ಹಿಂದೆ ಚಲೇಜಾವ್ ಚಳವಳಿ ಬಂತು. ನಮ್ಮವರು, ಅಂದರೆ ನನ್ನ ಗಂಡ, ಮೊದಲಿನಿಂದಲೂ ಖಾದಿ ಉಡುತ್ತಿದ್ದವರು. ಒಂದು ಮುಂಜಾನೆ ಹೊಲಕ್ಕೆ ಹೋಗಿಬರುತ್ತೇನೆಂದು ಹೋದವರು ಮರಳಲಿಲ್ಲ. ತಂತಿ ಕತ್ತರಿಸುವವರ ಗುಂಪಿನಲ್ಲಿದ್ದಾರೆಂದು ಬಾಯಿಂದ ಬಾಯಿಗೆ ಸುದ್ದಿ ಬಂತು. ಸುದ್ದಿಯ ಬೆನ್ನಿಗೇ ಫೌಜದಾರ ಸಾಹೇಬರು ಪೊಲೀಸರನ್ನು ಕಟ್ಟಿಕೊಂಡು ಬಂದರು. ಮಗ ಕಾಣೆ. ಅಪ್ಪನ ಹೆಸರಿಗೆ ಪಿಸ್ತೂಲಿನ ಲೈಸೆನ್ಸ್. ಕಿಟಕಿಯಲ್ಲಿ ಖಾಲಿ ಕಾಡತೂಸುಗಳ ಸಾಲು. ಇನ್ನೇನು ಬೇಕು?

“ಪಿಸ್ತೂಲು ಎಲ್ಲೈತಿ?” ಎಂದು ಗುಡುಗಿದರು ಫೌಜದಾರರು.

“ತಗೊಂಡಿಲ್ರಿ. ಇನ್ನೂ ಗುಂಡು ಆರಿಸಾಕತ್ತೇನಿ.”

“ಲೈಸೆನ್ಸ್ ತಗೊಂಡು ಎಷ್ಟ ವರ್ಷಾತು?”

“ಅವಸರ ಮಾಡಿದ್ರ ಬರಂಗಿಲ್ರಿ ಸಾಹೇಬ್ರ. ಒಮ್ಮೆ ಆರಿಸಿದ್ರ ಮುಗೀತು.”

ಯಾವ ಫೌಜದಾರ ಇದನ್ನು ನಂಬುತ್ತಾನೆ? ನೆಲದೊಳಗಿನ ಜೋಳದ ಹಗೇವು ತೆಗೆಸಿದರು, ಅಟ್ಟ ಹುಡುಕಿಸಿದರು, ತಿಪ್ಪೆಯನ್ನು ಬುಡಮಟ್ಟ ಅಗೆಸಿದರು. ಆ ವರ್ಷ ನಮ್ಮ ಗೊಬ್ಬರ ತಿರುವಿದ್ದು ಬ್ರಿಟಿಷ್ ಸರಕಾರ! ಪೊಲೀಸರು ಬೆವರು ಒರೆಸಿಕೊಳ್ಳುತ್ತಿದ್ದಾಗ ಮಾವನವರು ಮೆಲ್ಲಗೆ ಫೌಜದಾರರ ಸೊಂಟದ ಕಡೆ ಬಗ್ಗಿ ನೋಡಿ, “ಸಾಹೇಬ್ರ, ನಿಮ್ಮದು ಮೂವತ್ತೆಂಟ ಹೌದಲ್ರಿ? ನಿಮಗ ಹೆಂಗ ಅನಸ್ತೈತಿ?” ಎಂದು ಕೇಳಿದರು. ಫೌಜದಾರರು ಅವರ ಮುಖ ನೋಡಿದರು. ಅಲ್ಲಿಯವರೆಗೆ ಅವರಿಗೆ ಈ ಪ್ರಶ್ನೆಯನ್ನು ಇಷ್ಟು ಪ್ರೀತಿಯಿಂದ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. “ಮಳಿಗಾಲದಾಗ ಒಮ್ಮೊಮ್ಮೆ ಕೈಕೊಡತೈತಿ” ಎಂದರು. ಆಮೇಲೆ ತಮ್ಮ ಬಾಯಿಂದ ಬಂದದ್ದು ತಮಗೇ ಕೇಳಿಸಿ, ಕೆಂಪಾಗಿ, ಲೈಸೆನ್ಸನ್ನೂ ಕೋಶಗಳನ್ನೂ ಕಸಿದುಕೊಂಡು ಹೊರಟುಹೋದರು. ಕಾಡಿಗೆ ತುಂಬಿದ್ದೊಂದನ್ನು ಬಿಟ್ಟು.

ಮುಂದಿನ ವಾರ ಸವಣೂರಿನಿಂದ ಎಲೆ ಮಾರುವ ಹೆಂಗಸೊಬ್ಬಳು ಬಂದಳು. ಬುಟ್ಟಿ ಇಳಿಸುವ ನೆಪದಲ್ಲಿ ಒಳಗೆ ಬಂದು ಪಿಸುಗುಟ್ಟಿದಳು. ನಮ್ಮವರ ಕಾಲಿಗೆ ಪೊಲೀಸರ ಗುಂಡು ಬಿದ್ದಿದೆ. ಗೆಳೆಯರು ಹೊತ್ತುಕೊಂಡು ಹೋಗಿ ಮುದುಕ ಸಾಬರ ತೋಟದಲ್ಲಿ ಮಲಗಿಸಿದ್ದಾರೆ. ಸವಣೂರು ನವಾಬರ ಸಂಸ್ಥಾನ, ಈ ಕಡೆಯ ಪೊಲೀಸರು ಅಲ್ಲಿ ಸಲೀಸಾಗಿ ನುಗ್ಗುವಂತಿಲ್ಲ.

ಅತ್ತೆ ಗೋಡೆ ಹಿಡಿದು ಕುಸಿದರು. ಆಗ ಮಾವನವರು ಕೇಳಿದರು:

“ಎಷ್ಟರ ಗುಂಡು?”

ಅತ್ತೆ ತಲೆಯೆತ್ತಿ, “ನಿಮ್ಮ ಬಾಯಾಗ ಮಣ್ಣ ಬೀಳಲಿ!” ಎಂದು ಚೀರಿದರು. “ಹೆತ್ತ ಮಗ ಬಿದ್ದಾನ, ಈಗೂ ಅದನ್ನ ಕೇಳ್ತೀರಲ್ಲ!” ಆ ಕ್ಷಣ ನನಗೂ ಅವರ ಮೇಲೆ ಅಸಹ್ಯ ಬಂತು, ಸುಳ್ಳೇಕೆ ಹೇಳಲಿ?

ಮಾವನವರಿಗೆ ಯಾರ ಮಾತೂ ಕೇಳಿಸಲಿಲ್ಲ. ಆ ಹೆಂಗಸಿನ ಎದುರು ಮೊಣಕಾಲೂರಿ ಕುಳಿತಿದ್ದರು. “ಉದ್ದ ಬಂದೂಕಿಂದೋ, ಪಿಸ್ತೂಲಿಂದೋ, ನೆನಪ ಮಾಡಿ ಹೇಳವ್ವಾ. ತೂತು ಎಷ್ಟ ದೊಡ್ಡದೈತಿ? ಈ ಬೆರಳು ಹೋಗತೈತೇನು? ಆ ಕಡೆ ಹೊರಗ ಬಂದೈತೇನು? ಪಾದ ಅಲುಗಾಡಸ್ತಾನೇನು?”

“ಪಿಸ್ತೂಲಿಂದಂತ್ರಿ. ಮೀನಖಂಡದಾಗ ಹೊಕ್ಕು ಹೊರಗ ಹೋಗೈತಿ. ಕಿರಿಬೆರಳು ಹೋಗಂಗಿಲ್ಲ. ಪಾದ ಅಲುಗಾಡಸ್ತಾರ್ರಿ.”

ಮಾವನವರು ಅಲ್ಲೇ ನೆಲಕ್ಕೆ ಕುಳಿತರು. ಆಮೇಲೆ ಅತ್ತೆಯ ಕಡೆಗಲ್ಲ, ನನ್ನ ಕಡೆ ತಿರುಗಿದರು. “ಎಲುಬು ಉಳದೈತಿ, ಯವ್ವಾ. ಗುಂಡು ಒಳಗಿಲ್ಲ. ಕಾಲು ಹೋಗಂಗಿಲ್ಲ. ನಿನ್ನ ಗಂಡ ನಡೀತಾನ. ಅಳಬ್ಯಾಡ.” ನನಗೆ ಅಳಬೇಡ ಎಂದವರ ಕಣ್ಣೀರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು.

ಅಂದೇ ಚಕ್ಕಡಿ ಕಟ್ಟಿಸಿ, ನನಗೆ ಮೈ ಸರಿಯಿಲ್ಲವೆಂದು ಕಂಡವರಿಗೆಲ್ಲ ಹೇಳುತ್ತ, ಅತ್ತೆಯನ್ನೂ ಕೂರಿಸಿಕೊಂಡು ಸವಣೂರಿಗೆ ಹೊರಟೆವು. ಎಲೆಬಳ್ಳಿಯ ಹಸಿರು ನೆರಳಿನಲ್ಲಿ, ಚಾಪೆಯ ಮೇಲೆ ನಮ್ಮವರು ಮಲಗಿದ್ದರು. ಜ್ವರ ಬಂದಿತ್ತು. ಗುರುತಿನ ವೈದ್ಯರೊಬ್ಬರು ಆಗಷ್ಟೇ ಕಟ್ಟು ಬಿಚ್ಚಿ ಔಷಧಿ ಹಚ್ಚಿದ್ದರು. ಉರಿಗೆ ನಮ್ಮವರು ಹಲ್ಲು ಕಚ್ಚಿದ್ದರು. ಅತ್ತೆ ಮಗನ ತಲೆಯ ಹತ್ತಿರ ಕುಳಿತರು. ಮಾವನವರು ಕಾಲ ಕಡೆ ಕುಳಿತು, ಗಾಯದ ಕಾಲನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬಗ್ಗಿ, ಉಫ್, ಉಫ್ ಎಂದು ಊದತೊಡಗಿದರು. ಓಡಿ ಬಿದ್ದು ಮೊಣಕಾಲು ತರಚಿಕೊಂಡು ಬಂದ ಮಕ್ಕಳಿಗೆ ಊದುತ್ತಾರಲ್ಲ, ಹಾಗೆ.

ನಮ್ಮವರು ನೋವಿನಲ್ಲೂ ನಕ್ಕರು. “ಅಪ್ಪಾ, ಊದಿದ್ರ ವಾಸಿ ಆಗತೈತೇನು?”

“ಸುಮ್ಮನ ಮಲಕೋ” ಎಂದರು ಮಾವನವರು, ತಲೆಯೆತ್ತದೆ. ಮತ್ತೆ ಊದಿದರು.