ಕಮಲಾಪುರದ ಬಾಳೆಹಣ್ಣಿನಾಚೆ ಕಾಣದ ಯಂತ್ರಕ್ಕೆ

ಕಮಲಾಪುರ, ಏಪ್ರಿಲ್ ೧೯೯೬

ಜಗತ್ ಸರ್ಕಲ್ ಬಳಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎ.ಸಿ. ಹಾಕಿಸಿಕೊಂಡು ವಾಸವಾಗಿರುವ ಮಾನ್ಯ ಯಂತ್ರ ಮಹಾಶಯರೇ,

ಬಾಳೆಹಣ್ಣಿನ ವ್ಯಾಪಾರಿ ನೀಲಕಂಠನ ಶರಣು. ಕಲಬುರ್ಗಿಯ ಈ ಬಿಸಿಲಿನಲ್ಲೂ ತಾವು ತಣ್ಣಗಿದ್ದೀರೆಂದು ನಂಬಿದ್ದೇನೆ. ಹೊರಗೆ ಬೆಂಚಿನ ಮೇಲೆ ಕೂತ ನಾವು ಹಾಗಿರಲಿಲ್ಲ.

ನನ್ನ ಪತ್ನಿ ಶಿವಕಾಂತಮ್ಮನ ಬಲಪಕ್ಕೆಯ ನೋವಿಗೆ ಕಾರಣ ತಿಳಿಯದೆ ಔಷಧ ಬರೆಯಲಾರೆನೆಂದು ಡಾಕ್ಟರರು ಆಕೆಯನ್ನು ತಮ್ಮ ಸನ್ನಿಧಿಗೆ ಕಳುಹಿಸಿದರು. ತಮ್ಮ ದರ್ಶನಕ್ಕೆ ಹೊಟ್ಟೆ ಖಾಲಿ ಇರಬೇಕು, ಮೂತ್ರಕೋಶ ಮಾತ್ರ ತುಂಬಿರಬೇಕು ಎಂದು ತಮ್ಮ ಸೆಂಟರಿನ ಸಿಸ್ಟರ್ ಸಕೀನಾ ಎರಡು ಸಲ ಹೇಳಿದರು. ಎಂಥ ಸೊಗಸಾದ ನಿಯಮ! ಆದರೆ ನಮ್ಮ ಮನೆಯಲ್ಲಿ ತಮಗಿಂತ ಹಳೆಯ ನಿಯಮವೊಂದಿದೆ: ಲಿಂಗಪೂಜೆ ಆಗುವವರೆಗೆ ಈಕೆ ಹನಿ ನೀರು ಮುಟ್ಟುವುದಿಲ್ಲ, ಪೂಜೆಯಾದ ಮೇಲೆ ಪ್ರಸಾದ ಬಿಡುವುದಿಲ್ಲ.

ಹೀಗಾಗಿ ಮೊದಲ ದಿನ, ಪೂಜೆಯನ್ನು ಆಮೇಲೆ ಮಾಡಿಕೊಂಡರಾಯಿತೆಂದು ನೀರಿಲ್ಲದೆ ಬಂದಳು. ಮೂತ್ರಕೋಶ ತುಂಬಿಲ್ಲವೆಂದು ತಿರುಗಿ ಕಳಿಸಿದಿರಿ. ಎರಡನೆಯ ದಿನ ನಸುಕಿನಲ್ಲೇ ಪೂಜೆ ಮುಗಿಸಿ, ಪ್ರಸಾದವೆಂದು ಒಂದೇ ಒಂದು ಕೆಂಪು ಬಾಳೆಹಣ್ಣು ತಿಂದು, ಮೇಲೆ ನೀರು ಕುಡಿದು ಬಂದಳು. ತಿಂದದ್ದರಿಂದ ಪಿತ್ತಕೋಶ ಮುದುಡಿದೆ, ಏನೂ ಕಾಣದು ಎಂದಿರಿ. ಬಸಿರಿನ ಕತ್ತಲೆಯೊಳಗಿನ ಕೂಸನ್ನು ಕಾಣುವ ತಮಗೆ ನಮ್ಮೂರ ಒಂದು ಬಾಳೆಹಣ್ಣಿನಾಚೆ ಕಾಣಲಿಲ್ಲವಲ್ಲ ಎಂದು ವ್ಯಾಪಾರಿಯಾದ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು, ಮುಚ್ಚಿಡಲಾರೆ.

ಮೂರನೆಯ ದಿನ ಆಕೆ ಲಿಂಗಕ್ಕೆ ಬರೀ ನೀರನ್ನೇ ಅರ್ಪಿಸಿ, ಅದನ್ನೇ ಪ್ರಸಾದವೆಂದು ನಾಲ್ಕು ತಂಬಿಗೆ ಕುಡಿದು ಬಸ್ಸು ಹತ್ತಿದಳು. ನಮ್ಮ ರಸ್ತೆಯ ತಗ್ಗುಗಳಲ್ಲಿ ಹಾಗೆ ಕೂತು ಬರುವುದೆಂದರೆ ಏನೆಂದು ತಮಗೇನು ಗೊತ್ತು? ಬಂದು ಮಲಗಿದ್ದೇ ತಡ, ಕರೆಂಟು ಹೋಗಿ ತಾವು ಕಣ್ಣು ಮುಚ್ಚಿದಿರಿ. ಈಕೆ ಹಲ್ಲು ಕಚ್ಚಿ ಮುಕ್ಕಾಲು ಗಂಟೆ ಕಾದಳು. ಆದ್ದರಿಂದ ಇನ್ನು ಮುಂದೆ ತಾವೇ ಬಸ್ಸಿನಲ್ಲಿ ಕಮಲಾಪುರಕ್ಕೆ ದಯಮಾಡಿಸಬೇಕು, ಪೂಜೆ ಮುಗಿಯುವವರೆಗೆ ನಮ್ಮ ಕಟ್ಟೆಯ ಮೇಲೆ ಕಾದಿರಬೇಕು, ಬರುವ ಮುನ್ನ ತಾವೂ ನಾಲ್ಕು ತಂಬಿಗೆ ನೀರು ಕುಡಿದಿರಬೇಕು ಎಂದು ಕೋರುತ್ತೇನೆ.

ಕರೆಂಟು ಬಂದ ಮೇಲೆ ತಾವು ಐದೇ ನಿಮಿಷದಲ್ಲಿ ಆಕೆಯ ಪಿತ್ತಕೋಶದೊಳಗೆ ಎರಡು ಕಲ್ಲು ತೋರಿಸಿದಿರಿ. ನನ್ನ ದೊಡ್ಡ ದೂರು ಅದೇ. ಎರಡು ವರ್ಷದಿಂದ ಆಕೆ ನೋವೆಂದಾಗಲೆಲ್ಲ ಗ್ಯಾಸು, ಅಜವಾನ ತಿನ್ನು ಎನ್ನುತ್ತ ಬಂದವನನ್ನು ಡಾಕ್ಟರರ ಮುಂದೆ ತಲೆ ತಗ್ಗಿಸುವಂತೆ ಮಾಡಿದಿರಿ. ಸೋಮವಾರ ಆಪರೇಷನ್ನು. ನನಗೆ ಭಯವಾಗಿದೆ.

ತಮ್ಮ ವಿಶ್ವಾಸಿ, ಮೂರೂ ದಿನ ಹೊಟ್ಟೆ ತುಂಬ ಉಂಡು ಬೆಂಚಿನ ಮೇಲೆ ಕೂತಿದ್ದ,
ನೀಲಕಂಠ

ತಾ.ಕ.: ಪತ್ರವನ್ನು ಓದಿಸಿ ಕೇಳಿದ ಶಿವಕಾಂತಮ್ಮ ಹೇಳಿದ್ದಿಷ್ಟು: “ಆ ಮಷೀನು ಎರಡು ಸಲ ತಿರುಗಿ ಕಳಿಸಿದ್ರೂ ಕಡೀಗಿ ನೋಡ್ತು. ನಿಮ್ಮ ಮುಂದ ಎರಡು ವರ್ಷ ಹೊಟ್ಟಿ ಹಿಡಕೊಂಡು ಕುಂತೀನ್ರಿ, ನೀವು ಒಂದಿನಾರ ನೋಡೀರೇನು?” ಇದಕ್ಕೆ ಉತ್ತರ ತಮಗೇನಾದರೂ ಹೊಳೆದರೆ ಸೋಮವಾರದೊಳಗೆ ತಿಳಿಸಬೇಕಾಗಿ ವಿನಂತಿ.