ಅವ್ವನ ಸೀಟು

ರಾಣಿ: ಅದು ಕಾರಲ್ಲ ಕಣ್ರೀ, ಗಾಲಿ ಇರೋ ಕೊಟ್ಟಿಗೆ! ಇವತ್ತೇ ಮಾರ್ಬುಡಿ. ಈ ಅಮಾಸೆಗೆ ಒಸ ಕಾರಲ್ಲೇ ಮಾದಪ್ಪನ ಬೆಟ್ಟಕ್ಕೆ ಓಗದು.

ಶಾಂತರಾಜು: ಮೆಲ್ಲಗ್ ಮಾತಾಡು. ಅದಕ್ಕೆ ಕೇಳಿಸ್ತದೆ.

ರಾಣಿ: ಯಾರಿಗೆ?

ಶಾಂತರಾಜು: ಗಾಡಿಗೆ.

ಗಂಡ ಹೆಂಡತಿ ಮನೆಯೊಳಗೆ ಕಿಟಕಿಯ ಬಳಿ ನಿಂತಿದ್ದರು. ಮುಳ್ಳೂರಿನ ಆ ಮನೆಯೆದುರು, ಹುಣಸೆ ಮರದಡಿ, ಅಮೆರಿಕದ ಹಳೇ ವ್ಯಾಗನ್ನು ಉದ್ದಕ್ಕೆ ನಿಂತಿತ್ತು. ಲಾರಿಯ ಮೈಕಟ್ಟು, ಮೂರು ಸಾಲು ಸೀಟು. ಶಾಂತರಾಜುವಿನ ಅಪ್ಪ ಚೆನ್ನಯ್ಯ ಅದನ್ನು ಯಾವುದೋ ಕಾಫಿ ತೋಟದವರಿಂದ ಕೊಂಡಿದ್ದರು. ಈಗ ಕೊಳ್ಳಲು ಮೈಸೂರಿನಿಂದ ಬಂದ ಶಂಕರ್, ಟೀ ಲೋಟ ಹಿಡಿದು, ಅದರ ಬಾಗಿಲನ್ನು ಕುದುರೆಯ ಕತ್ತಿನಂತೆ ಸವರುತ್ತಿದ್ದ.

ಶಾಂತರಾಜು: ಇಂದ್ಗಡೆ ಬಾಗ್ಲು ಕೆಳಕ್ ಬುಟ್ರೆ ಮಂಚದಂಗಾಯ್ತದೆ. ಬೆಟ್ಟದ ದಾರೀಲಿ, ತಾಳಬೆಟ್ಟದಲ್ಲಿ ಅದ್ರ ಮೇಲೇ ಬುತ್ತಿ ಬಿಚ್ಚಲ್ವಾ?

ರಾಣಿ: ನಾವು ಬಿಚ್ಚೋದ್ರೊಳಗೆ ಅದು ಟ್ಯಾಂಕ್ ಪೆಟ್ರೋಲ್ ಕುಡ್ದಿರ್ತದೆ! ಸ್ಟೇರಿಂಗ್ ಬೇರೆ ಎಡಗಡೆ. ನೀವು ಬಸ್ ಓವರ್‌ಟೇಕ್ ಮಾಡ್ಬೇಕಾದ್ರೆ ಅತ್ತೆ ಬಲಗಡೆ ಕಿಟಕೀಲಿ ತಲೆ ಆಕಿ ‘ದಾರಿ ಅದೆ, ಓಗ್ಲಾ’ ಅನ್ಬೇಕು.

ಶಾಂತರಾಜು: ಅವ್ವ ಒಂದ್ಸಲಾನೂ ತಪ್ಪು ಏಳಿಲ್ಲ.

ರಾಣಿ: ಸಣ್ ಕಾರಾದ್ರೆ ಯಾರೂ ಏಳೋದೇ ಬ್ಯಾಡ.

ಶಾಂತರಾಜು ಒಮ್ಮೆ ಗಾಡಿಯನ್ನು ನೋಡಿ ಉಸಿರುಬಿಟ್ಟ.

ಶಾಂತರಾಜು: ಆಯ್ತು. ಒಸ ಕಾರಲ್ಲಿ ಮುಂದ್ಗಡೆ ನಾನು. ಅಪ್ಪಂಗೆ ಮಂಡಿ ಮಡ್ಸಕ್ಕಾಗಲ್ಲ, ಪಕ್ಕದ ಸೀಟು ಅವ್ರಿಗೆ.

ರಾಣಿ: ಅತ್ತೆ?

ಶಾಂತರಾಜು: ಇಂದ್ಗಡೆ. ನಿನ್ ಪಕ್ಕ.

ರಾಣಿ: ಬೆಟ್ಟದವರ್ಗೂವಾ?

ಶಾಂತರಾಜು: ಓಗ್ತಾನೂ, ಬರ್ತಾನೂ.

ರಾಣಿ ಕಿಟಕಿಯಾಚೆ ವ್ಯಾಗನ್ನಿನ ಕೊನೆಯ ಸಾಲನ್ನು ನೋಡಿದಳು. ಮದುವೆಯಾದಾಗಿನಿಂದ ಅದು ಅವಳದೇ ಜಾಗ. ಅಲ್ಲಿಗೆ ಗಾಳಿಯ ಸದ್ದು ಬಿಟ್ಟು ಮುಂದಿನ ಸೀಟಿನ ಯಾವ ಮಾತೂ ತಲುಪುತ್ತಿರಲಿಲ್ಲ.

ರಾಣಿ: ಪಾಪ, ಮಾವ ಆಸೆಪಟ್ಟು ತಂದಿದ್ದು. ಮಾರಾದು ಬ್ಯಾಡ ಬುಡಿ. ಅತ್ತೆ ನೊಂದ್ಕೊಂಡಾರು.

ಅವಳ ಮನಸ್ಸು ಮತ್ತೆ ತಿರುಗುವ ಮೊದಲೇ ಶಾಂತರಾಜು ಹೊರಗೆ ಓಡಿದ. ಅಲ್ಲಿ ಅವನ ತಾಯಿ ಚಿಕ್ಕಬಸಮ್ಮ, ಶಂಕರ್ ಕೈಯಿಂದ ಅರ್ಧ ಕುಡಿದ ಟೀ ಲೋಟ ಇಸಿದುಕೊಂಡು, ಬಸ್ ಸ್ಟ್ಯಾಂಡಿನ ದಾರಿ ತೋರಿಸುತ್ತಿದ್ದರು.

ಶಾಂತರಾಜು: ಅವ್ವಾ! ಅವ್ರನ್ನ ಯಾಕ್ ಕಳಿಸ್ದೆ?

ಚಿಕ್ಕಬಸಮ್ಮ: ಒಸ ಕಾರಲ್ಲಿ ನನ್ ಸೀಟು ಎಲ್ಲಿ ಅಂತ ಕಿವಿಗ್ ಬಿತ್ತು ಕಣ್ಲಾ. ಬೆಟ್ಟದ ದಾರಿ ಉದ್ದಕ್ಕೂ ನಿನ್ ಎಂಡ್ತಿ ಮಾತು ಕೇಳ್ಕಂಡು ಬತ್ತೀನಿ ಅಂತ ನಾನೇನು ಮಾದಪ್ಪಂಗೆ ಅರಕೆ ಕಟ್ಕಂಡಿದ್ದೀನೇನ್ಲಾ?