ಹಿತ್ತಲಿಗೆ ಹೊರಟ ವೈಫೈ

ಎಲ್ಲಕ್ಕೂ ಮೂಲ ಹೆಂಡತಿಯ ಕನಿಕರ.

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ಆಕೆ ಅಂದಳು: "ಪಾಪ, ದಿನಾ ಸಂಜೆ ಹಿತ್ತಲಲ್ಲಿ ಒಬ್ಬರೇ ಕೂತಿರ್ತೀರಿ. ಅಲ್ಲಿಗೆ ವೈಫೈ ಬರಲ್ಲ ಅಂತ ನಾವ್ಯಾರೂ ಬರಲ್ಲ. ನನ್ನ ತಮ್ಮಂಗೆ ಹೇಳಿದೀನಿ, ಇವತ್ತೇ ಬಂದು ಸರಿ ಮಾಡ್ತಾನೆ. ಇನ್ಮೇಲೆ ಎಲ್ಲರೂ ಅಲ್ಲೇ ಇರಬಹುದು."

ಗುಮಾಸ್ತರ ಗಂಟಲಲ್ಲಿ ಕಾಫಿ ಅಡ್ಡದಾರಿ ಹಿಡಿಯಿತು.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರ ಕೆಲಸ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು, ಬೆಳಗಿನಿಂದ ಅವರ ಕಿವಿಯನ್ನೇ ತೊಟ್ಟಿ ಮಾಡಿಕೊಂಡು ಸುರಿದುಹೋಗುತ್ತಿದ್ದರು. ಮನೆಗೆ ಬಂದರೆ ಅಡುಗೆಮನೆಯ ಹಿಂದೆ ಕಲ್ಲು ಹಾಸಿದ ಪುಟ್ಟ ಅಂಗಳ, ಗೋಡೆಗೆ ಹಬ್ಬಿದ ಬಳ್ಳಿ, ಒಂದು ಬೆತ್ತದ ಕುರ್ಚಿ. ಅಲ್ಲಿ ಕೂತರೆ ಇಳಿಬಿಸಿಲು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು, ಗೋಡೆ ಹತ್ತಿ, ಹೇಳದೆ ಹೊರಟುಹೋಗುವುದು ಕಾಣುತ್ತಿತ್ತು. ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಹೆಂಡತಿ, ಮಗಳು, ಅತ್ತೆ ಮೂವರೂ ಒಳಗೆ ವೈಫೈ ಡಬ್ಬಿಯ ಸುತ್ತ ಬೆಲ್ಲಕ್ಕೆ ಮುತ್ತಿದ ಇರುವೆಗಳಂತಿರುತ್ತಿದ್ದರು. ಇಡೀ ದಿನದಲ್ಲಿ ಆ ಒಂದು ಗಂಟೆ ಮಾತ್ರ ಗುಮಾಸ್ತರದು.

"ಯಾಕೆ ಸುಮ್ನೆ ತೊಂದರೆ?" ಎಂದರು.

"ತೊಂದರೆ ಏನು ಬಂತು? ನಿಮಗೋಸ್ಕರ ತಾನೆ ರೀ!"

ನಿಮಗೋಸ್ಕರ ಎಂದಮೇಲೆ ವಾದಕ್ಕೆ ಜಾಗವೆಲ್ಲಿ? ಗುಮಾಸ್ತರು ಒಳಗೊಳಗೇ ಟೊಂಕ ಕಟ್ಟಿದರು. ಮುಂದೆ ನಿಂತು ನೆರವಾಗುವುದು, ನೆರವಾಗುತ್ತಲೇ ಕೆಡಿಸುವುದು.

ಮೊಬೈಲ್ ರಿಪೇರಿ ಅಂಗಡಿಯ ಭಾವಮೈದುನ, ಆಪರೇಷನ್ನಿಗೆ ಹೊರಟ ಡಾಕ್ಟರನಂತೆ ಚೀಲ ಹಿಡಿದು ಬಂದ. ಅವನ ಬೆನ್ನಿಗೇ ಬಲಗಡೆ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಸೀಟಿ ಸಮೇತ ಬಂದರು. ಎಡಗಡೆ ಮನೆಯ ಟೈಲರ್ ಅಕ್ಕ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಳು. ನಮ್ಮ ಮನೆಯ ವೈಫೈ ಕಂಡರೆ ಇವರಿಗೇಕೆ ಇಷ್ಟು ಸಂಭ್ರಮ ಎಂದು ಗುಮಾಸ್ತರಿಗೆ ಬಗೆಹರಿಯಲಿಲ್ಲ.

"ಭಾವ, ಸಿಗ್ನಲ್ ಬೂಸ್ಟರ್ ಎಲ್ಲಿಡೋಣ?"

"ಆ ಕಬ್ಬಿಣದ ಬೀರು ಇದೆಯಲ್ಲಪ್ಪ, ಅದರ ಹಿಂದೆ. ಯಾರ ಕಣ್ಣಿಗೂ ಬೀಳಲ್ಲ." ಕಬ್ಬಿಣವು ಸಿಗ್ನಲನ್ನು ನುಂಗುತ್ತದೆಂದು ಅವರು ಪೇಪರಿನಲ್ಲಿ ಓದಿದ್ದರು.

ಬೀರುವಿನ ಹಿಂದಿನ ಪ್ಲಗ್ಗಿಗೆ ಕೈ ಹೋಗಬೇಕಾದರೆ ಬೀರುವನ್ನೇ ಸರಿಸಬೇಕಿತ್ತು. "ಎಲ್ಲರೂ ಕೈ ಹಾಕಿ! ಒಂದು, ಎರಡು, ಎಳೀ!" ಎಂದು ಮಾಸ್ತರು ಸೀಟಿ ಊದಿದರು. ಮುನಿಸಿಕೊಂಡ ಆನೆಯಂತೆ ಬೀರು ಪಕ್ಕದ ಮೂಲೆಗೆ ಸರಿಯಿತು. ಬೂಸ್ಟರ್ ಇನ್ನೂ ಚೀಲದಲ್ಲೇ ಇತ್ತು, ಅಷ್ಟರಲ್ಲಿ ಅಂಗಳದಿಂದ ಮಗಳು ಕೂಗಿದಳು: "ಅಪ್ಪಾ, ಫೋನಲ್ಲಿ ಎರಡು ಕಡ್ಡಿ ಬಂತು!"

ಇಷ್ಟು ವರ್ಷ ಸಿಗ್ನಲಿಗೆ ಅಡ್ಡ ನಿಂತಿದ್ದದ್ದು ಆ ಬೀರುವೇ.

"ಭಾವನ ತಲೆ ಅಂದ್ರೆ ತಲೆ!" ಎಂದ ಭಾವಮೈದುನ.

ಗುಮಾಸ್ತರು ಸೋಲೊಪ್ಪಲಿಲ್ಲ. ಧೂಳು ಒರೆಸುವ ನೆಪದಲ್ಲಿ ವೈಫೈ ಡಬ್ಬಿಯ ಎರಡೂ ಆಂಟೆನಾಗಳನ್ನು, ಕತ್ತೆ ಕಿವಿ ಇಳಿಬಿಟ್ಟಂತೆ, ಅಡ್ಡಡ್ಡ ಮಲಗಿಸಿಬಂದರು. "ಮೂರು ಕಡ್ಡಿ!" ಎಂದಿತು ಅಂಗಳ.

"ಅಣ್ಣಾ, ನಿಮ್ಮ ಕೈಗುಣ ದೊಡ್ಡದು," ಎಂದಳು ಟೈಲರ್ ಅಕ್ಕ. "ನನ್ನ ಹೊಲಿಗೆ ಮೆಷಿನ್ನೂ ಒಂದ್ಸಲ ಮುಟ್ಟಿಬಿಡಿ."

ಮೂರನೆಯ ಉಪಾಯ ನೀರಿನದು. ದಪ್ಪ ಕಂಬಳಿಯೊಂದನ್ನು ನೆನೆಸಿ ಅಡುಗೆಮನೆ ಬಾಗಿಲಿಗೆ ಅಡ್ಡಲಾಗಿ ಹಗ್ಗಕ್ಕೆ ಹಾಕಿದರು. "ನೀವು ಕಂಬಳಿ ಒಗೆದ್ರಾ! ಮದುವೆಯಾದಮೇಲೆ ಇದೇ ಮೊದಲು!" ಎಂದು ಹೆಂಡತಿ ಗಲ್ಲಕ್ಕೆ ಕೈಯಿಟ್ಟಳು. ಸಿಗ್ನಲ್ ಸತ್ತೇ ಹೋಯಿತು. ಗುಮಾಸ್ತರ ಮುಖ ಅರಳುವ ಹೊತ್ತಿಗೆ ಹಗ್ಗ ಹರಿದು, ಕೆಳಗೆ ಬಗ್ಗಿ ಪ್ಲಗ್ ಹುಡುಕುತ್ತಿದ್ದ ಡ್ರಿಲ್ ಮಾಸ್ತರ ಮೇಲೆ ಕಂಬಳಿ ಕವುಚಿಕೊಂಡಿತು. ಒಳಗಿನಿಂದ ಒದ್ದೆ ಸೀಟಿಯೊಂದು ಕೇಳಿಸಿತು.

ಮಾಸ್ತರನ್ನು ಹೊರಗೆಳೆದು ಒರೆಸಿದ ಮೇಲೆ ಭಾವಮೈದುನ ತಲೆಯಾಡಿಸಿದ. "ಬೂಸ್ಟರ್ ಹಾಕಿದ್ರೂ ಈ ಸಿಗ್ನಲನ್ನ ನಂಬೋ ಹಾಗಿಲ್ಲ. ಒದ್ದೆ ಬಟ್ಟೆ ಅಡ್ಡ ಬಂದ್ರೂ ಕೈಕೊಡತ್ತೆ. ವೈರು ಎಳೆದು ಅಂಗಳದಲ್ಲೇ ಒಂದು ಡಬ್ಬಿ ಕೂರಿಸಿಬಿಡ್ತೀನಿ."

ಮಧ್ಯಾಹ್ನವೆಲ್ಲ ಗೋಡೆ ಕೊರೆದು, ಬಳ್ಳಿಯ ಎಲೆಗಳ ಅಡಿಯಲ್ಲಿ ಕಪ್ಪು ವೈರು ಎಳೆದು, ಬೆತ್ತದ ಕುರ್ಚಿಯ ನೆತ್ತಿಗೆ ಸರಿಯಾಗಿ ಡಬ್ಬಿ ಕೂರಿಸಿದ. ಫೋನಿನ ಕಡ್ಡಿಗಳೆಲ್ಲ ತುಂಬಿಕೊಂಡವು. ಹೆಂಡತಿ ದಿಂಬುಗಳಿಗೆ ಹೊಸ ಕವರು ಹುಡುಕಲು ಒಳಗೆ ಹೋದಳು, ಮಗಳೂ ಭಾವಮೈದುನನೂ ಹಿಂದೆಯೇ ಹೋದರು. ನೆರೆಯವರು ಚಹಾಕ್ಕೆಂದು ಅವರವರ ಮನೆಗೆ ಹೋದರು.

ಅಂಗಳದಲ್ಲಿ ಗುಮಾಸ್ತರು ಒಬ್ಬರೇ ಉಳಿದರು. ಬಿಸಿಲು ಎಂದಿನಂತೆ ಗೋಡೆ ಹತ್ತುತ್ತಿತ್ತು. ಇನ್ನು ಇದನ್ನು ನೋಡುವ ಪುಣ್ಯ ಮುಗಿಯಿತಲ್ಲ ಎನಿಸಿತು. ಗಿಡ ಕತ್ತರಿಸುವ ಕತ್ತರಿ ಕೈಗೆ ಸಿಕ್ಕಿತು. ಎಲೆ ಸರಿಸಿ ನೋಡಿದರೆ ಒಂದಲ್ಲ, ಎರಡು ಕಪ್ಪು ವೈರುಗಳು, ಅವಳಿ ಮಕ್ಕಳಂತೆ ಅಕ್ಕಪಕ್ಕ ಮಲಗಿದ್ದವು. ಹೊಳೆಯುವುದೇ ಹೊಸದಿರಬೇಕು ಎಂದುಕೊಂಡು, ಕಣ್ಣು ಮುಚ್ಚಿ, ಕಚಕ್ಕನೆ ಕತ್ತರಿಸಿದರು.

"ಅಮ್ಮಾ! ಮನೇಲೆಲ್ಲ ನೆಟ್ ಹೋಯ್ತು!" ಎಂದಳು ಮಗಳು.

"ನಮ್ಮನೇಲೂ ಹೋಯ್ತು!" ಎಂದಿತು ಬಲಗಡೆ ಗೋಡೆ.

"ಅಯ್ಯೋ, ನಮ್ಮನೇಲೂ!" ಎಂದಿತು ಎಡಗಡೆ ಗೋಡೆ.

ಗುಮಾಸ್ತರು ಬೆರಗಾಗಿ, ಹೊರಗೆ ಓಡಿಬಂದ ಹೆಂಡತಿಯ ಮುಖ ನೋಡಿದರು. "ಪಾಸ್‌ವರ್ಡ್ ನಾನೇ ಕೊಟ್ಟಿದ್ದೆ," ಎಂದಳು ಆಕೆ. "ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಿದ್ರೆ ಇಲ್ಲ ಅಂತೀವಾ?"

ಭಾವಮೈದುನನೂ ಹೊರಬಂದು, ಬಗ್ಗಿ ವೈರಿನ ತುದಿ ನೋಡಿದ, ಭಾವನನ್ನೂ ನೋಡಿದ. "ಮನೆಗೆ ಬರೋ ಮೇನ್ ಲೈನು. ನಾನೆಳೆದ ವೈರು ಹಾಗೇ ಇದೆ. ಇಲಿ ಕಡಿದಿದೆ. ಇವತ್ತು ಭಾನುವಾರ, ಲೈನಿನವರು ಯಾರೂ ಬರಲ್ಲ. ನಾಳೆನೇ."

ಎಲ್ಲರೂ ಮುಖ ಇಳಿಬಿಟ್ಟುಕೊಂಡು ಒಳಗೆ ಹೋದರು. ಗುಮಾಸ್ತರು ಕುರ್ಚಿಗೆ ಒರಗಿ ಕಾಲು ಚಾಚಿದರು. ಇಷ್ಟು ಸಿಹಿಯಾದ ಮೌನವನ್ನು ಅವರು ಕೇಳಿಯೇ ಇರಲಿಲ್ಲ. ಒಂದು ಎಲೆ ಉದುರಿ ನೆಲ ಮುಟ್ಟುವಷ್ಟು ಹೊತ್ತು ಅದು ಇತ್ತು.

ಆಮೇಲೆ ಬಾಗಿಲು ತೆರೆಯಿತು. ನೆಟ್ ಇಲ್ಲದ ಮನೆಯೊಳಗೆ ಯಾರಿಗೆ ಏನು ಕೆಲಸ? ಅತ್ತೆ ಚಾಪೆ ತಂದರು. ಮಗಳು ದಿಂಬು ತಂದಳು, ಹೆಂಡತಿ ಚಹಾದ ತಟ್ಟೆ ತಂದಳು. ಟೈಲರ್ ಅಕ್ಕ ಕಾಜಾ ಹಾಕಬೇಕಿದ್ದ ಅಂಗಿಗಳ ಗಂಟಿನೊಂದಿಗೆ ಬಂದಳು. ಡ್ರಿಲ್ ಮಾಸ್ತರು ಮಡಿಸುವ ಕುರ್ಚಿಯನ್ನು ಗೋಡೆಯಾಚೆಯಿಂದ ಇಳಿಸಿ, ಹಿಂದೆಯೇ ತಾವೂ ಇಳಿದರು.

"ಸ್ಕೂಲ್ ಡೇ ಪೆರೇಡು," ಎಂದು ಮಾಸ್ತರು ಶುರುಮಾಡಿದರು. "ಮುಂದೆ ನಡೀ ಅಂದೆ. ಅಷ್ಟರಲ್ಲಿ ಸೀನು ಬಂತು. ನಿಲ್ಲಿ ಅನ್ನೋದು ಮರೆತೆ. ಹುಡುಗರು ಗೇಟು ದಾಟಿ, ಪೇಟೆ ದಾಟಿ, ಸೀದಾ ಸಿನಿಮಾ ಟೆಂಟಿನೊಳಗೆ ಹೋಗಿ ನಿಂತ್ರು!"

"ನಿಂತ್ರಾ?" ಎಂದರು ಅತ್ತೆ.

"ಕೂತ್ರು!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕ ದನಿ ತಮ್ಮದೇ ಎಂದು ತಿಳಿದಾಗ ಗುಮಾಸ್ತರಿಗೆ ನಾಚಿಕೆಯಾಯಿತು.

"ಎಷ್ಟು ಚೆನ್ನಾಗಿದೆ ಅಲ್ವಾ?" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಇನ್ಮೇಲೆ ದಿನಾ ಸಂಜೆ ನೆಟ್ ಆಫ್ ಮಾಡಿಬಿಡೋಣ. ಎಲ್ಲರೂ ಇಲ್ಲೇ!"

"ಹೌದು ಹೌದು!" ಎಂದು ಅಂಗಳವೆಲ್ಲ ಒಪ್ಪಿತು.

ಗುಮಾಸ್ತರು ಭಾವಮೈದುನನ ಕಿವಿಗೆ ಬಾಗಿದರು. "ಲೋ, ನಾಳೆ ಬೆಳಿಗ್ಗೆನೇ ಆ ವೈರು ಜೋಡಿಸಪ್ಪ. ಇಲ್ಲಿಗೆ ಇನ್ನೂ ದೊಡ್ಡ ಡಬ್ಬಿ ಇದ್ರೆ ಅದನ್ನೇ ಹಾಕು. ಎಲ್ಲರೂ ತಲೆ ಬಗ್ಗಿಸಿ ಫೋನ್ ನೋಡ್ತಾ ಕೂತ್ರೆ ನನಗಷ್ಟೇ ಸಾಕು."

ಭಾವಮೈದುನ ಚಹಾ ಹೀರಿದ. "ಇಷ್ಟು ನೀಟಾಗಿ ಕಡಿಯೋ ಇಲೀನ ನಾನೆಲ್ಲೂ ನೋಡಿಲ್ಲ ಭಾವ. ಅಕ್ಕಂಗೆ ಇನ್ನೂ ಹೇಳಿಲ್ಲ. ಸ್ವಲ್ಪ ಸರ್ಕೊಳ್ಳಿ, ನಾನೂ ಕೂತ್ಕೋತೀನಿ."

ಗುಮಾಸ್ತರು ಸರಿದು ಕೂತರು.